ಆರ್‌ಡಿಟಿಎಸ್‌ಸಿ ಓದಿದಾಗ ನಡುನಡುವೆ ಇಪ್ಪತ್ತು ಅಂಕಿಗಳ ಸಂಖ್ಯೆ ಬರುತ್ತಿದೆ, ತಪ್ಪು ಎಲ್ಲಿದೆ?

ಪ್ರಶ್ನೆ

ನಮಸ್ಕಾರ. ಸಿ ಭಾಷೆಯಲ್ಲಿ ಒಂದು ಸಣ್ಣ ದತ್ತಾಂಶ ಸಂಗ್ರಹ ವ್ಯವಸ್ಥೆ ಬರೆಯುತ್ತಿದ್ದೇನೆ. 4096 ಬೈಟ್‌ಗಳ ಪ್ರತಿ ತುಣುಕಿಗೂ ಚೆಕ್‌ಸಮ್ (ದತ್ತಾಂಶ ಕೆಟ್ಟಿದೆಯೇ ಎಂದು ತಿಳಿಯಲು ಇಡುವ ಮೊತ್ತ) ಲೆಕ್ಕ ಹಾಕುವ ಫಂಕ್ಷನ್ ಅದರಲ್ಲಿದೆ. ಬೈಟ್‌ಗಳನ್ನು ಒಂದೊಂದಾಗಿ ಕೂಡಿಕೊಂಡು ಹೋಗುವುದಷ್ಟೇ ಅದರ ಕೆಲಸ. ಅದನ್ನು ಚುರುಕುಗೊಳಿಸುವ ಮೊದಲು ಈಗಿನ ವೇಗ ಎಷ್ಟೆಂದು ತಿಳಿದುಕೊಳ್ಳಬೇಕಿತ್ತು. ಅದಕ್ಕಾಗಿ ಕಂಪೈಲರ್‌ನ ವೆಕ್ಟರೀಕರಣವನ್ನು (ಹಲವು ಬೈಟ್‌ಗಳನ್ನು ಒಟ್ಟಿಗೆ ಕೂಡಿಸುವುದನ್ನು) ನಿಲ್ಲಿಸಿ ಅಳೆಯಲು ಕುಳಿತೆ. ಮೂರು ರಾತ್ರಿ ಕಳೆದರೂ ಅಳತೆಯೇ ಕೈಗೆ ಸಿಗುತ್ತಿಲ್ಲ.

ಯಂತ್ರ 64 ಬಿಟ್‌ನ ಲ್ಯಾಪ್‌ಟಾಪ್, ಲಿನಕ್ಸ್, ಜಿಸಿಸಿ. ಪ್ರೊಸೆಸರ್‌ನ ಮೂಲ ವೇಗ 2.4 ಗಿಗಾಹರ್ಟ್ಸ್, ಟರ್ಬೊದಲ್ಲಿ ಗರಿಷ್ಠ 4.2 ಎಂದು ಅದರ ವಿವರಪಟ್ಟಿಯಲ್ಲಿದೆ. ಹಳೆಯ ಟಿಪ್ಪಣಿಯೊಂದರಲ್ಲಿ ಸಿಕ್ಕ ಇನ್‌ಲೈನ್ ಅಸೆಂಬ್ಲಿ (ಸಿ ಕೋಡ್‌ನ ನಡುವೆ ನೇರವಾಗಿ ಬರೆಯುವ ಪ್ರೊಸೆಸರ್ ಸೂಚನೆ) ಸಾಲನ್ನು ಹಾಗೆಯೇ ಬಳಸಿದ್ದೇನೆ. ಒಂದೇ ಸೂಚನೆ, ಆರ್‌ಡಿಟಿಎಸ್‌ಸಿ, ಅಂದರೆ ಪ್ರೊಸೆಸರ್‌ನೊಳಗೆ ಏರುತ್ತಲೇ ಇರುವ ಟಿಎಸ್‌ಸಿ ಎಂಬ ಕೌಂಟರ್ ಓದುವ ಸೂಚನೆ. ಅದರ ಫಲಿತಾಂಶ ದೊಡ್ಡ ‘ಎ’ ಅಕ್ಷರದ ಕನ್‌ಸ್ಟ್ರೇಂಟ್ (ಪ್ರೊಸೆಸರ್‌ನೊಳಗಿನ ಯಾವ ರಿಜಿಸ್ಟರ್, ಅಂದರೆ ಪುಟ್ಟ ಸಂಗ್ರಹ ಸ್ಥಾನ, ಬಳಸಬೇಕೆಂದು ಕಂಪೈಲರ್‌ಗೆ ಹೇಳುವ ಗುರುತು) ಮೂಲಕ 64 ಬಿಟ್‌ನ ಚಿಹ್ನೆರಹಿತ ವೇರಿಯಬಲ್‌ಗೆ ಬರುತ್ತದೆ. ಫಂಕ್ಷನ್ ಕರೆಯುವ ಮುನ್ನ ಒಮ್ಮೆ ಓದುತ್ತೇನೆ, ಮುಗಿದ ಮೇಲೆ ಒಮ್ಮೆ ಓದುತ್ತೇನೆ, ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳುತ್ತೇನೆ. ಇದನ್ನು ಒಂದು ಕೋಟಿ ಸಲ ಓಡಿಸುತ್ತೇನೆ.

ಹೆಚ್ಚಿನ ಫಲಿತಾಂಶಗಳು 2400ರ ಆಸುಪಾಸಿನಲ್ಲಿವೆ. ಆದರೆ ಪ್ರತಿ ಓಟದಲ್ಲಿಯೂ ಐದು ಸಲ, ಕೆಲವೊಮ್ಮೆ ಆರು ಸಲ ಇಂಥ ಸಂಖ್ಯೆ ಬರುತ್ತದೆ: 18446744069414586720. ಮೊದಲ ಹತ್ತು ಅಂಕಿಗಳು ಪ್ರತಿ ಸಲವೂ ಒಂದೇ, ಕೊನೆಯ ಕೆಲವು ಮಾತ್ರ ಬದಲಾಗುತ್ತವೆ.

ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದರೆ ಅದೇ ಫಂಕ್ಷನ್‌ಗೆ 2400 ಬದಲು 6300 ಬರುತ್ತದೆ. ಸೈಕಲ್ ಎಣಿಸುವ ಕೌಂಟರ್ ಇದಾಗಿದ್ದರೆ, ಪ್ರೊಸೆಸರ್ ನಿಧಾನವಾದರೂ ಸೈಕಲ್‌ಗಳ ಸಂಖ್ಯೆ ಅಷ್ಟೇ ಇರಬೇಕಲ್ಲವೇ? ಅದೇ ಕೆಲಸ, ಅದೇ ಸೂಚನೆಗಳು.

ಇನ್ನೊಂದು ಸಂಗತಿಯೂ ಇದೆ. 4096 ಬದಲು 16 ಬೈಟ್ ಕೊಟ್ಟರೆ ಫಲಿತಾಂಶ ಖಾಲಿ ಅಳತೆಯಷ್ಟೇ ಬರುತ್ತದೆ, ಅಂದರೆ ನಡುವೆ ಏನನ್ನೂ ಇಡದೆ ಎರಡು ಸಲ ಕೌಂಟರ್ ಓದಿದಾಗ ಬರುವಷ್ಟು. ಹದಿನಾರು ಬೈಟ್‌ಗಳನ್ನು ಕೂಡಲು ಸಮಯವೇ ಬೇಡವೇ? ನಿನ್ನೆ ಫಂಕ್ಷನ್ ಅನ್ನು ಇನ್‌ಲೈನ್ ಮಾಡಿದಾಗಲಂತೂ, ಅಂದರೆ ಕರೆಯುವ ಜಾಗದಲ್ಲಿಯೇ ಅದರ ಕೋಡ್ ಸೇರಿಸಿದಾಗ, ಪ್ರೋಗ್ರಾಂ ಸೆಗ್ಮೆಂಟೇಷನ್ ಫಾಲ್ಟ್ (ತನ್ನದಲ್ಲದ ಸ್ಮೃತಿ ಮುಟ್ಟಿದ ದೋಷ) ಆಗಿ ನಿಂತಿತು. ಅಳತೆಯ ಎರಡು ಸಾಲು ತೆಗೆದರೆ ಏನೂ ತೊಂದರೆಯಿಲ್ಲ. ಸಮಯ ಓದುವ ಸೂಚನೆ ಪ್ರೋಗ್ರಾಂ ಅನ್ನು ಹೇಗೆ ಬೀಳಿಸುತ್ತದೆ?


ಮೊದಲ ಉತ್ತರ

ನೀವು ಸಂಖ್ಯೆಗಳನ್ನು ಇದ್ದ ಹಾಗೆಯೇ ಬರೆದು ಒಳ್ಳೆಯದು ಮಾಡಿದಿರಿ. ‘ಏನೋ ದೊಡ್ಡ ಸಂಖ್ಯೆ ಬರುತ್ತದೆ’ ಎಂದಷ್ಟೇ ಬರೆದಿದ್ದರೆ ನಾನು ಕತ್ತಲಲ್ಲಿ ತಡಕಾಡಬೇಕಿತ್ತು. ಹನ್ನೆರಡು ವರ್ಷಗಳಿಂದ ಡ್ರೈವರ್ ಬರೆಯುತ್ತಿದ್ದೇನೆ, ಈ ಕೌಂಟರ್‌ನೊಂದಿಗೆ ಬಹಳ ಕಾಲ ಕಳೆದಿದ್ದೇನೆ. ನಿಮ್ಮ ಸಂಖ್ಯೆಗಳಲ್ಲಿಯೇ ಉತ್ತರವಿದೆ, ಕಾಗದದ ಮೇಲೆ ಲೆಕ್ಕ ಹಾಕೋಣ.

18446744069414586720 ಎಂಬ ಸಂಖ್ಯೆಯನ್ನು ಎರಡರ 64ನೇ ಘಾತದಿಂದ ಕಳೆಯಿರಿ. ಉಳಿಯುವುದು 4294964896. ಇದು ಎರಡರ 32ನೇ ಘಾತವಾದ 4294967296ಕ್ಕಿಂತ ಸರಿಯಾಗಿ 2400 ಕಡಿಮೆ. ಅಂದರೆ ನಿಮ್ಮ ವಿಚಿತ್ರ ಸಂಖ್ಯೆಯೊಳಗೆ ನಿಜವಾದ ಅಳತೆ, ಆ 2400, ಹಾಗೆಯೇ ಕುಳಿತಿದೆ. 32 ಬಿಟ್‌ನ ಎಣಿಕೆ ತುಂಬಿ ಸೊನ್ನೆಗೆ ಮರಳಿದೆ, ನೀವು ಅದನ್ನು 64 ಬಿಟ್‌ನಲ್ಲಿ ಕಳೆದಿದ್ದೀರಿ. ಕೌಂಟರ್‌ನ ಮೇಲಿನ ಅರ್ಧ ನಿಮಗೆ ಬರುತ್ತಲೇ ಇಲ್ಲ.

ಇದನ್ನು ಇನ್ನೊಂದು ದಾರಿಯಿಂದಲೂ ಪರೀಕ್ಷಿಸಬಹುದು. ಒಂದು ಕೋಟಿ ಓಟ, ಪ್ರತಿಯೊಂದಕ್ಕೆ 2400 ಟಿಕ್, ಒಟ್ಟು 2400 ಕೋಟಿ ಟಿಕ್. ಅದನ್ನು 4294967296ರಿಂದ ಭಾಗಿಸಿದರೆ 5.59. ನೀವು ಕಂಡದ್ದು ಐದು, ಕೆಲವೊಮ್ಮೆ ಆರು. ಈ ಭಾಗಾಕಾರ ಮಾಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ತಪ್ಪು ಆ ದೊಡ್ಡ ‘ಎ’ ಕನ್‌ಸ್ಟ್ರೇಂಟ್‌ನಲ್ಲಿದೆ. ಆರ್‌ಡಿಟಿಎಸ್‌ಸಿ ಸೂಚನೆ 1993ರ ಪೆಂಟಿಯಮ್ ಜೊತೆ ಬಂದದ್ದು, ಆಗ ಇದ್ದದ್ದು 32 ಬಿಟ್‌ನ ರಿಜಿಸ್ಟರ್‌ಗಳು. ಹಾಗಾಗಿ ಅದು 64 ಬಿಟ್‌ನ ಎಣಿಕೆಯನ್ನು ಎರಡು ತುಂಡು ಮಾಡಿ, ಮೇಲಿನ ಅರ್ಧವನ್ನು ಇಡಿಎಕ್ಸ್‌ನಲ್ಲಿಯೂ ಕೆಳಗಿನ ಅರ್ಧವನ್ನು ಇಎಎಕ್ಸ್‌ನಲ್ಲಿಯೂ ಇಡುತ್ತದೆ. ಇಂದಿಗೂ ಅದೇ ಪದ್ಧತಿ. 32 ಬಿಟ್ ಕಂಪೈಲರ್‌ಗೆ ದೊಡ್ಡ ‘ಎ’ ಎಂದರೆ ‘ಈ ಎರಡನ್ನೂ ಜೋಡಿಯಾಗಿ ತೆಗೆದುಕೋ’ ಎಂದು ಅರ್ಥ. 64 ಬಿಟ್‌ನಲ್ಲಿ ಅರ್ಥ ಬೇರೆ: ನಿಮ್ಮ ವೇರಿಯಬಲ್ ಒಂದೇ ರಿಜಿಸ್ಟರ್‌ನಲ್ಲಿ ಹಿಡಿಯುವುದರಿಂದ ‘ಆರ್‌ಎಎಕ್ಸ್ ಅಥವಾ ಆರ್‌ಡಿಎಕ್ಸ್, ಯಾವುದಾದರೂ ಒಂದು’. ಕಂಪೈಲರ್ ಆರ್‌ಎಎಕ್ಸ್ ಆರಿಸಿಕೊಂಡಿದೆ, ನಿಮಗೆ ಕೆಳಗಿನ ಅರ್ಧ ಮಾತ್ರ ಸಿಕ್ಕಿದೆ. ಹಳೆಯ ಟಿಪ್ಪಣಿ ಬರೆದವರ ಕಾಲಕ್ಕೆ ಅದು ಸರಿಯಾಗಿಯೇ ಇತ್ತು.

ಸೆಗ್ಮೆಂಟೇಷನ್ ಫಾಲ್ಟ್ ಕೂಡ ಇಲ್ಲಿಂದಲೇ ಬಂದಿದೆ, ಮತ್ತು ನನ್ನ ಪಾಲಿಗೆ ತಪ್ಪು ಸಂಖ್ಯೆಗಿಂತ ಇದೇ ಹೆಚ್ಚು ಆತಂಕದ್ದು. ಸೂಚನೆ ಆರ್‌ಡಿಎಕ್ಸ್ ಅನ್ನೂ ಅಳಿಸಿ ಬರೆಯುತ್ತದೆ, ಆದರೆ ನೀವು ಅದನ್ನು ಕಂಪೈಲರ್‌ಗೆ ಹೇಳಿಲ್ಲ. ಫಂಕ್ಷನ್ ಬೇರೆಯಾಗಿ ಇದ್ದಾಗ ಕರೆಯ ಆಚೀಚೆ ಆರ್‌ಡಿಎಕ್ಸ್‌ನಲ್ಲಿ ಯಾರೂ ಏನನ್ನೂ ಉಳಿಸಿಕೊಳ್ಳುವುದಿಲ್ಲ, ಹಾಗಾಗಿ ಬಚಾವಾದಿರಿ. ಇನ್‌ಲೈನ್ ಆದ ಕೂಡಲೇ ಕಂಪೈಲರ್ ಬಫರ್‌ನ ಕೊನೆಯ ವಿಳಾಸವನ್ನೋ ಇನ್ನೇನನ್ನೋ ಅಲ್ಲಿ ಇಟ್ಟಿರಬೇಕು. ಕೌಂಟರ್‌ನ ಮೇಲಿನ ಅರ್ಧ ಅದರ ಮೇಲೆ ಕುಳಿತಿತು, ಲೂಪ್ ಎಲ್ಲಿ ನಿಲ್ಲಬೇಕೆಂಬುದನ್ನು ಮರೆತು ಮುಂದೆ ಓಡಿತು.

ಸರಿಪಡಿಸಲು ಎರಡು 32 ಬಿಟ್ ವೇರಿಯಬಲ್ ಇಟ್ಟುಕೊಳ್ಳಿ. ಒಂದಕ್ಕೆ ಸಣ್ಣ ‘ಎ’, ಇನ್ನೊಂದಕ್ಕೆ ಸಣ್ಣ ‘ಡಿ’ ಕನ್‌ಸ್ಟ್ರೇಂಟ್ ಕೊಡಿ, ಮೇಲಿನದನ್ನು 64 ಬಿಟ್‌ಗೆ ಹಿಗ್ಗಿಸಿ 32 ಸ್ಥಾನ ಎಡಕ್ಕೆ ಸರಿಸಿ ಕೆಳಗಿನದರೊಂದಿಗೆ ಸೇರಿಸಿ. ಅದಕ್ಕಿಂತ ಒಳ್ಳೆಯದು ಅಸೆಂಬ್ಲಿಯನ್ನೇ ಬಿಟ್ಟು ಕಂಪೈಲರ್ ಕೊಡುವ ಸಿದ್ಧ ಇಂಟ್ರಿನ್ಸಿಕ್ (ಆ ಸೂಚನೆಗೆ ಸಮನಾದ ಫಂಕ್ಷನ್) ಬಳಸುವುದು. ಜಿಸಿಸಿ, ಕ್ಲ್ಯಾಂಗ್, ಮೈಕ್ರೊಸಾಫ್ಟ್ ಕಂಪೈಲರ್ ಮೂರರಲ್ಲಿಯೂ ಇದೆ. ಒಂದು ಸೂಚನೆಗಾಗಿ ಇನ್‌ಲೈನ್ ಅಸೆಂಬ್ಲಿ ಬರೆಯುವ ಅಭ್ಯಾಸವನ್ನು ನಾನು ಬಿಟ್ಟು ವರ್ಷಗಳಾದವು.

ಈಗ ಬ್ಯಾಟರಿಯ ವಿಷಯ. ನಿಮ್ಮ ತರ್ಕ ಸರಿಯಾಗಿದೆ. ಆದರೆ ಈ ಕೌಂಟರ್ ಸೈಕಲ್‌ಗಳನ್ನು ಎಣಿಸುವುದಿಲ್ಲ. ಮೊದಲ ಪೆಂಟಿಯಮ್‌ಗಳಲ್ಲಿ ಎಣಿಸುತ್ತಿತ್ತು, ಆಗ ಪ್ರೊಸೆಸರ್‌ನ ವೇಗವೇ ಬದಲಾಗುತ್ತಿರಲಿಲ್ಲ. ವಿದ್ಯುತ್ ಉಳಿಸಲು ವೇಗ ಏರಿಳಿಸುವುದು ಶುರುವಾದ ಮೇಲೆ ಸಮಯ ಹೇಳಲು ಆ ಕೌಂಟರ್ ಬಾರದಂತಾಯಿತು. ಆದ್ದರಿಂದ ತಯಾರಕರು ಅದನ್ನು ಕೋರ್‌ನ ವೇಗದಿಂದ ಬಿಡಿಸಿ, ಸದಾ ಒಂದೇ ಗತಿಯಲ್ಲಿ ನಡೆಯುವಂತೆ ಮಾಡಿದರು. ನಿಮ್ಮಲ್ಲಿ ಆ ಗತಿ ಸೆಕೆಂಡಿಗೆ 240 ಕೋಟಿ ಟಿಕ್. ಲಿನಕ್ಸ್‌ನ ಪ್ರೊಸೆಸರ್ ಮಾಹಿತಿ ಕಡತದಲ್ಲಿ ‘ಕಾನ್‌ಸ್ಟಂಟ್ ಟಿಎಸ್‌ಸಿ’ ಮತ್ತು ‘ನಾನ್‌ಸ್ಟಾಪ್ ಟಿಎಸ್‌ಸಿ’ ಎಂಬ ಎರಡು ಗುರುತುಗಳಿವೆಯೇ ನೋಡಿ. ಮೊದಲನೆಯದು ವೇಗ ಬದಲಾದರೂ ಗತಿ ಬದಲಾಗುವುದಿಲ್ಲವೆಂದು ಹೇಳುತ್ತದೆ, ಎರಡನೆಯದು ಕೋರ್ ಗಾಢ ನಿದ್ರೆಗೆ ಜಾರಿದರೂ ಎಣಿಕೆ ನಿಲ್ಲುವುದಿಲ್ಲವೆಂದು.

ಹೀಗಿರುವಾಗ 2400 ಟಿಕ್ ಎಂದರೆ ಒಂದು ಮೈಕ್ರೊಸೆಕೆಂಡ್. ಅಷ್ಟರಲ್ಲಿ 4.2 ಗಿಗಾಹರ್ಟ್ಸ್‌ನಲ್ಲಿ ಓಡುವ ಕೋರ್ 4200 ಸೈಕಲ್ ನಡೆದಿರುತ್ತದೆ. ಬ್ಯಾಟರಿಯಲ್ಲಿ 6300 ಟಿಕ್ ಎಂದರೆ 2.625 ಮೈಕ್ರೊಸೆಕೆಂಡ್. ಕೆಲಸ ಅದೇ 4200 ಸೈಕಲ್‌ನದ್ದಾದರೆ ಕೋರ್‌ನ ವೇಗ 1.6 ಗಿಗಾಹರ್ಟ್ಸ್ ಆಗಿರಬೇಕು. ಬ್ಯಾಟರಿಯಲ್ಲಿ ನಿಮ್ಮ ಯಂತ್ರ ಎಷ್ಟರಲ್ಲಿ ಓಡುತ್ತದೆಂದು ನೋಡಿ ಹೇಳಿ, ನನಗೂ ಕುತೂಹಲವಿದೆ. 4096 ಬೈಟ್‌ಗೆ 4200 ಸೈಕಲ್ ಎಂಬುದು ಒಪ್ಪುವ ಲೆಕ್ಕವೂ ಹೌದು. ಪ್ರತಿ ಕೂಡುವಿಕೆ ಹಿಂದಿನ ಮೊತ್ತಕ್ಕಾಗಿ ಕಾಯಬೇಕು, ಒಂದು ಕೂಡುವಿಕೆಗೆ ಒಂದು ಸೈಕಲ್, ಅಲ್ಲಿಗೆ ಬೈಟಿಗೊಂದು ಸೈಕಲ್.

ನಿಮಗೆ ನಿಜವಾದ ಸೈಕಲ್‌ಗಳೇ ಬೇಕಾದರೆ ಅವನ್ನು ಎಣಿಸುವ ಕೌಂಟರ್‌ಗಳು ಬೇರೆ ಇವೆ. ಕಾರ್ಯಕ್ಷಮತೆಯ ಕೌಂಟರ್‌ಗಳು ಎನ್ನುತ್ತಾರೆ, ಓದುವ ಸೂಚನೆ ಆರ್‌ಡಿಪಿಎಂಸಿ. ಲಿನಕ್ಸ್‌ನಲ್ಲಿ ಪರ್ಫ್ ಈವೆಂಟ್ ಸಿಸ್ಟಂ ಕಾಲ್ ಮೂಲಕ ಕೌಂಟರ್ ತೆರೆದು, ಅದರ ಪುಟವನ್ನು ನಿಮ್ಮ ಸ್ಮೃತಿಗೆ ಮ್ಯಾಪ್ ಮಾಡಿಕೊಂಡರೆ ಕರ್ನಲ್‌ಗೆ (ಕಾರ್ಯಾಚರಣಾ ವ್ಯವಸ್ಥೆಯ ತಿರುಳಿಗೆ) ಹೋಗದೆಯೇ ಓದಬಹುದು.

ಹದಿನಾರು ಬೈಟ್‌ನ ಒಗಟು ಬೇರೆ ಕಾರಣದ್ದು. ಪ್ರೊಸೆಸರ್ ಸೂಚನೆಗಳನ್ನು ಬರೆದ ಕ್ರಮದಲ್ಲಿಯೇ ನಡೆಸುವುದಿಲ್ಲ, ಆರ್‌ಡಿಟಿಎಸ್‌ಸಿ ಯಾರಿಗಾಗಿಯೂ ಕಾಯುವುದೂ ಇಲ್ಲ. ಕೂಡುವ ಕೆಲಸ ಇನ್ನೂ ನಡೆಯುತ್ತಿರುವಾಗಲೇ ಎರಡನೇ ಓದು ಮುಗಿದಿರುತ್ತದೆ. ದೊಡ್ಡ ಕೆಲಸದಲ್ಲಿ ಈ ಒಂದಿಷ್ಟು ಹಿಂದುಮುಂದು ಕಾಣುವುದಿಲ್ಲ, ಸಣ್ಣ ಕೆಲಸವನ್ನು ಅದು ನುಂಗಿಹಾಕುತ್ತದೆ. ನಾನು ಬಳಸುವ ಕ್ರಮ ಹೀಗಿದೆ: ಆರಂಭದಲ್ಲಿ ಎಲ್‌ಫೆನ್ಸ್ (ಹಿಂದಿನ ಸೂಚನೆಗಳು ಮುಗಿಯುವವರೆಗೆ ಮುಂದಿನವನ್ನು ತಡೆಯುವ ಸೂಚನೆ), ನಂತರ ಆರ್‌ಡಿಟಿಎಸ್‌ಸಿ, ಮತ್ತೊಂದು ಎಲ್‌ಫೆನ್ಸ್. ಕೊನೆಯಲ್ಲಿ ಆರ್‌ಡಿಟಿಎಸ್‌ಸಿಪಿ, ಅದರ ಬೆನ್ನಿಗೆ ಎಲ್‌ಫೆನ್ಸ್. ‘ಪಿ’ ಅಂಟಿದ ಈ ಸೂಚನೆ ತನ್ನ ಹಿಂದಿನ ಸೂಚನೆಗಳೆಲ್ಲ ಮುಗಿಯುವವರೆಗೆ ಕಾಯುತ್ತದೆ. ಆದರೆ ತನ್ನ ಮುಂದಿನವುಗಳನ್ನು ತಡೆಯುವುದಿಲ್ಲ, ಅದಕ್ಕಾಗಿ ಕೊನೆಯ ಎಲ್‌ಫೆನ್ಸ್. ಹಳೆಯ ಬರಹಗಳಲ್ಲಿ ಎಲ್‌ಫೆನ್ಸ್ ಜಾಗದಲ್ಲಿ ಸಿಪಿಯುಐಡಿ ಸೂಚನೆ ಕಾಣಸಿಗುತ್ತದೆ. ಅದು ಕ್ರಮವನ್ನು ಖಚಿತವಾಗಿ ಕಾಯುತ್ತದೆ, ಆದರೆ ವರ್ಚುವಲ್ ಯಂತ್ರದೊಳಗೆ ಪ್ರತಿ ಸಲವೂ ಹೈಪರ್‌ವೈಸರ್‌ಗೆ (ಆ ಯಂತ್ರವನ್ನು ನಡೆಸುವ ತಂತ್ರಾಂಶಕ್ಕೆ) ಹೋಗಿ ಬರುತ್ತದೆ. ಅಳೆಯುವ ಕೆಲಸಕ್ಕಿಂತ ಅಳತೆಗೋಲೇ ಭಾರವಾಗುತ್ತದೆ.

ಕಂಪೈಲರ್ ಮೇಲೂ ಒಂದು ಕಣ್ಣಿರಲಿ. ಚೆಕ್‌ಸಮ್‌ನ ಉತ್ತರವನ್ನು ಎಲ್ಲಿಯೂ ಬಳಸದಿದ್ದರೆ ಇನ್‌ಲೈನ್ ಆದ ಫಂಕ್ಷನ್ ಪೂರ್ತಿ ಮಾಯವಾಗಬಹುದು. ಉತ್ತರವನ್ನು ಒಂದು ವೊಲಟೈಲ್ (ಬರೆದದ್ದನ್ನು ಕಂಪೈಲರ್ ತೆಗೆದುಹಾಕಲಾಗದ) ವೇರಿಯಬಲ್‌ಗೆ ಬರೆದುಬಿಡಿ.


ಎರಡನೇ ಉತ್ತರ

ಮೇಲಿನ ವಿವರಣೆಗೆ ನನ್ನದೇನೂ ತಕರಾರಿಲ್ಲ. ಆದರೆ ಪ್ರಶ್ನೆ ಕೇಳಿದವರಿಗೆ ಆರ್‌ಡಿಟಿಎಸ್‌ಸಿ ಬೇಕೇ ಎಂಬುದೇ ನನ್ನ ಪ್ರಶ್ನೆ. ಸರ್ವರ್‌ಗಳ ನಿರ್ವಹಣೆ ನನ್ನ ಕೆಲಸ. ಪ್ರೊಸೆಸರ್‌ನ ಕೌಂಟರ್ ಅನ್ನು ನೇರವಾಗಿ ಓದಿ ಸಮಯವೆಂದು ನಂಬಿದ ಪ್ರೋಗ್ರಾಂಗಳನ್ನು ಬಹಳ ಸಲ ಬಿಡಿಸಿ ನೋಡಿದ್ದೇನೆ.

ನಿಮ್ಮ ಒಂದು ಓಟ ಒಂದು ಮೈಕ್ರೊಸೆಕೆಂಡ್. ಸಾವಿರ ಓಟಗಳನ್ನು ಒಟ್ಟಿಗೆ ಸೇರಿಸಿ ಅಳೆದರೆ ಒಂದು ಮಿಲಿಸೆಕೆಂಡ್ ಆಯಿತು. ಸಮಯ ಕೇಳುವ ಕ್ಲಾಕ್‌ಗೆಟ್‌ಟೈಮ್ ಫಂಕ್ಷನ್‌ಗೆ ನನ್ನ ಯಂತ್ರದಲ್ಲಿ 25 ನ್ಯಾನೊಸೆಕೆಂಡ್ ಆಸುಪಾಸು ಹಿಡಿಯುತ್ತದೆ. ಅಷ್ಟು ದೊಡ್ಡ ಅಳತೆಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಅದು ಕೂಡ ಒಳಗೆ ಓದುವುದು ಇದೇ ಆರ್‌ಡಿಟಿಎಸ್‌ಸಿಯನ್ನೇ. ಕರ್ನಲ್ ನಿಮ್ಮ ಪ್ರೋಗ್ರಾಂನೊಳಗೆ ವಿಡಿಎಸ್‌ಒ ಎಂಬ ಸಣ್ಣ ಲೈಬ್ರರಿಯನ್ನು ಇಟ್ಟಿರುತ್ತದೆ. ಅದು ಕೌಂಟರ್ ಓದಿ, ಕರ್ನಲ್ ಕೊಟ್ಟ ಗುಣಕದಿಂದ ಗುಣಿಸಿ, ಬಲಕ್ಕೆ ಸರಿಸಿ ನ್ಯಾನೊಸೆಕೆಂಡ್ ಮಾಡಿ ಕೊಡುತ್ತದೆ. ಸಿಸ್ಟಂ ಕಾಲ್ ಆಗುವುದೇ ಇಲ್ಲ.

ಕೇಳುವ ಗಡಿಯಾರ ಮಾತ್ರ ಸರಿಯಾಗಿರಲಿ. ರಿಯಲ್‌ಟೈಮ್ ಎಂಬುದು ಗೋಡೆ ಗಡಿಯಾರ, 1970ರ ಜನವರಿ 1ರಿಂದ ಎಣಿಸುತ್ತದೆ. ಅದನ್ನು ಎನ್‌ಟಿಪಿ (ಜಾಲದ ಮೂಲಕ ಗಡಿಯಾರ ಸರಿಪಡಿಸುವ ವ್ಯವಸ್ಥೆ) ತಿದ್ದಬಹುದು, ನಿರ್ವಾಹಕರು ಕೈಯಾರೆ ತಿರುಗಿಸಬಹುದು. ಹಿಂದೊಮ್ಮೆ ನಾನು ನೋಡಿಕೊಳ್ಳುತ್ತಿದ್ದ ಸೇವೆಯೊಂದು ಕಾಯುವ ಅವಧಿಯನ್ನು ಇದರಲ್ಲಿ ಲೆಕ್ಕ ಹಾಕುತ್ತಿತ್ತು. ಯಂತ್ರದ ಗಡಿಯಾರ ಮುಂದಿತ್ತೆಂದು ಎನ್‌ಟಿಪಿ ಅದನ್ನು ನಲವತ್ತು ಸೆಕೆಂಡ್ ಹಿಂದಕ್ಕೆ ಎಳೆಯಿತು. ಐದು ಸೆಕೆಂಡಿಗೆ ಕೈಬಿಡಬೇಕಿದ್ದ ಸಂಪರ್ಕಗಳೆಲ್ಲ ನಲವತ್ತೈದು ಸೆಕೆಂಡ್ ತೂಗುಬಿದ್ದವು. ಅವಧಿ ಅಳೆಯಲು ಮೊನೊಟಾನಿಕ್ ಬಳಸಿ, ಅದು ಎಂದಿಗೂ ಹಿಂದೆ ಸರಿಯುವುದಿಲ್ಲ. ಎನ್‌ಟಿಪಿ ಅದರ ಗತಿಯನ್ನು ಮಾತ್ರ ಹತ್ತು ಲಕ್ಷಕ್ಕೆ 500 ಭಾಗದಷ್ಟರೊಳಗೆ ಹಿಗ್ಗಿಸಿ ಕುಗ್ಗಿಸಬಹುದು. ಅದೂ ಬೇಡವೆಂದರೆ ಮೊನೊಟಾನಿಕ್ ರಾ ಇದೆ. ಲಿನಕ್ಸ್‌ನಲ್ಲಿ ಲ್ಯಾಪ್‌ಟಾಪ್ ಮುಚ್ಚಿಟ್ಟ ಸಮಯ ಮೊನೊಟಾನಿಕ್‌ನಲ್ಲಿ ಸೇರುವುದಿಲ್ಲ, ಅದು ಬೇಕಿದ್ದವರಿಗೆ ಬೂಟ್‌ಟೈಮ್.

ಒಂದು ಎಚ್ಚರಿಕೆ. ಯಂತ್ರ ಆರಂಭವಾದ ಮೇಲೆ ಟಿಎಸ್‌ಸಿ ನಂಬಲರ್ಹವಲ್ಲವೆಂದು ಕರ್ನಲ್‌ಗೆ ಅನಿಸಿದರೆ ಅದು ಚಿಪ್‌ಸೆಟ್‌ನಲ್ಲಿರುವ ಎಚ್‌ಪಿಇಟಿ ಅಥವಾ ಎಸಿಪಿಐ ಎಂಬ ಟೈಮರ್‌ಗೆ ಬದಲಾಗುತ್ತದೆ. ಆಗ ಕ್ಲಾಕ್‌ಗೆಟ್‌ಟೈಮ್ ಕರ್ನಲ್‌ಗೆ ಹೋಗಿ, ಚಿಪ್‌ಸೆಟ್‌ನ ರಿಜಿಸ್ಟರ್ ಓದಿ ಬರಬೇಕು. ನನ್ನಲ್ಲಿ ಒಮ್ಮೆ 25 ನ್ಯಾನೊಸೆಕೆಂಡ್ ಇದ್ದದ್ದು ಒಂದು ಮೈಕ್ರೊಸೆಕೆಂಡ್ ದಾಟಿತು. ಪ್ರೋಗ್ರಾಂ ನಿಧಾನವಾಯಿತೆಂದು ಎರಡು ದಿನ ಬೇರೆಲ್ಲೋ ಹುಡುಕಿದ್ದೆವು. ಸಿಸ್ ಕಡತವ್ಯವಸ್ಥೆಯಲ್ಲಿ ‘ಕರೆಂಟ್ ಕ್ಲಾಕ್‌ಸೋರ್ಸ್’ ಎಂಬ ಕಡತವಿದೆ, ಯಾವ ಮೂಲ ಬಳಕೆಯಲ್ಲಿದೆ ಎಂದು ಒಂದೇ ಪದದಲ್ಲಿ ಹೇಳುತ್ತದೆ. ಅಳತೆಗೆ ಮೊದಲು ಅದನ್ನು ಓದುವುದು ಈಗ ನನ್ನ ನಿಯಮ.

ಈ ಎಸಿಪಿಐ ಟೈಮರ್‌ನ ವೇಗ 3.579545 ಮೆಗಾಹರ್ಟ್ಸ್. ಇಂಥ ಸಂಖ್ಯೆ ಏಕೆ ಎಂದು ನಾನು ಬಹಳ ಕಾಲ ಯೋಚಿಸಿದ್ದೆ. 1981ರ ಐಬಿಎಂ ಪಿಸಿಯಲ್ಲಿ 14.31818 ಮೆಗಾಹರ್ಟ್ಸ್‌ನ ಒಂದು ಹರಳಿತ್ತು. ಅದರ ನಾಲ್ಕನೇ ಒಂದು ಭಾಗ ಅಮೆರಿಕದ ಬಣ್ಣದ ಟಿವಿ ಸಂಕೇತಕ್ಕೆ ಬೇಕಾದ ಆವರ್ತನ, ಮೂರನೇ ಒಂದು ಭಾಗ ಪ್ರೊಸೆಸರ್‌ನ 4.77 ಮೆಗಾಹರ್ಟ್ಸ್, ಹನ್ನೆರಡನೇ ಒಂದು ಭಾಗ ಟೈಮರ್ ಚಿಪ್‌ನದ್ದು. ಟಿವಿಗೆ ಜೋಡಿಸುವ ಅಗತ್ಯ ಹೋಯಿತು, ಆವರ್ತನ ಮಾತ್ರ ಇವತ್ತಿನ ಸರ್ವರ್‌ಗಳಲ್ಲಿಯೂ ಉಳಿದುಕೊಂಡಿದೆ.


ಮೊದಲ ಉತ್ತರ ಬರೆದವರು

ಸಾವಿರ ಓಟಗಳ ಸರಾಸರಿ ಸಾಕೆನ್ನುವವರಿಗೆ ನಿಮ್ಮ ದಾರಿಯೇ ಸರಿ, ಸಂಶಯವಿಲ್ಲ. ಆದರೆ ಸರಾಸರಿಯಲ್ಲಿ ಕಳೆದುಹೋಗುವುದನ್ನು ನಾನು ಬಿಟ್ಟುಕೊಡಲಾರೆ. ಈ ಫಂಕ್ಷನ್‌ನ ಒಂದು ಕೋಟಿ ಅಳತೆಗಳನ್ನು ಬಿಡಿಬಿಡಿಯಾಗಿ ಇಟ್ಟರೆ ಒಂದು ದಟ್ಟ ಗುಂಪು 2400ರ ಬಳಿ ಕಾಣುತ್ತದೆ, ದೂರದಲ್ಲಿ ಟೈಮರ್ ಅಡಚಣೆಗಳು ಬಂದಾಗಿನ ಚದುರಿದ ಅಳತೆಗಳು ಕಾಣುತ್ತವೆ, ಮೊಟ್ಟಮೊದಲ ಓಟ ಕ್ಯಾಶ್ (ಪ್ರೊಸೆಸರ್‌ನ ವೇಗದ ಸ್ಮೃತಿ) ಖಾಲಿಯಿದ್ದುದರಿಂದ ಎಲ್ಲಕ್ಕಿಂತ ಆಚೆ ನಿಲ್ಲುತ್ತದೆ. ಇವು ಮೂರು ಬೇರೆ ಬೇರೆ ಸಂಗತಿಗಳು. ಸರಾಸರಿ ಮೂರನ್ನೂ ಕಲಸಿ ಒಂದು ಸಂಖ್ಯೆ ಕೊಡುತ್ತದೆ. ಇಂಥ ಕವಲಿಲ್ಲದ ಫಂಕ್ಷನ್‌ಗೆ ನಾನು ಕನಿಷ್ಠವನ್ನು ತೆಗೆದುಕೊಳ್ಳುತ್ತೇನೆ, ಪಕ್ಕದಲ್ಲಿ ಮಧ್ಯಾಂಕವನ್ನು ಇಡುತ್ತೇನೆ. ಎರಡರ ನಡುವೆ ಅಂತರ ಹೆಚ್ಚಿದ್ದರೆ ಅಳತೆಯನ್ನೇ ಮತ್ತೆ ಮಾಡುತ್ತೇನೆ.

ಜೊತೆಗೆ ಪ್ರೋಗ್ರಾಂ ಅನ್ನು ಒಂದೇ ಕೋರ್‌ಗೆ ಕಟ್ಟಿಹಾಕಿ. ಆರ್‌ಡಿಟಿಎಸ್‌ಸಿಪಿ ಇಸಿಎಕ್ಸ್‌ನಲ್ಲಿ ಇನ್ನೊಂದು ಮೌಲ್ಯವನ್ನೂ ಕೊಡುತ್ತದೆ, ಲಿನಕ್ಸ್ ಅದರ ಕೆಳಗಿನ 12 ಬಿಟ್‌ಗಳಲ್ಲಿ ಕೋರ್ ಸಂಖ್ಯೆಯನ್ನು ಇಟ್ಟಿರುತ್ತದೆ. ಆರಂಭದಲ್ಲಿಯೂ ಅದೇ ಸೂಚನೆ ಬಳಸಿ ಎರಡು ಸಂಖ್ಯೆಗಳನ್ನು ಹೋಲಿಸಿದರೆ ನಡುವೆ ಕೋರ್ ಬದಲಾಯಿತೇ ಎಂದು ತಿಳಿಯುತ್ತದೆ.


ಮೂರನೇ ಉತ್ತರ

ನಾನು ಮೈಕ್ರೊಕಂಟ್ರೋಲರ್‌ಗಳಿಗೆ ಬರೆಯುವವನು, ನಮ್ಮಲ್ಲಿ ವಿಡಿಎಸ್‌ಒ ಇಲ್ಲ, ಕರ್ನಲ್ಲೂ ಇಲ್ಲ. ಆದರೆ 32 ಬಿಟ್ ತುಂಬಿ ಮರಳುವ ಈ ಕಥೆ ನಮ್ಮ ದಿನನಿತ್ಯದ್ದು, ಅದಕ್ಕಾಗಿ ಬರೆಯುತ್ತಿದ್ದೇನೆ.

ಕಾರ್ಟೆಕ್ಸ್ ಎಂ3, ಎಂ4 ಚಿಪ್‌ಗಳಲ್ಲಿ ಡಿಡಬ್ಲ್ಯುಟಿ ಎಂಬ ಭಾಗದೊಳಗೆ ಸೈಕಲ್ ಕೌಂಟರ್ ಇದೆ. ಇದು ನಿಜವಾಗಿಯೂ ಕೋರ್‌ನ ಸೈಕಲ್‌ಗಳನ್ನೇ ಎಣಿಸುತ್ತದೆ. ಮೊದಲು ಡೀಬಗ್ ನಿಯಂತ್ರಣ ರಿಜಿಸ್ಟರ್‌ನ 24ನೇ ಬಿಟ್ ಹಚ್ಚಿ, ಬಳಿಕ ಡಿಡಬ್ಲ್ಯುಟಿಯ ನಿಯಂತ್ರಣ ರಿಜಿಸ್ಟರ್‌ನ ಸೊನ್ನೆಯ ಬಿಟ್ ಹಚ್ಚಬೇಕು. ಮೊದಲನೆಯದನ್ನು ಮರೆತರೆ ಕೌಂಟರ್ ಅಲ್ಲಾಡುವುದಿಲ್ಲ. ಡೀಬಗರ್ ಜೋಡಿಸಿದಾಗ ಡೀಬಗರೇ ಆ ಬಿಟ್ ಹಚ್ಚಿಬಿಡುತ್ತದೆ, ಆದ್ದರಿಂದ ಮೇಜಿನ ಮೇಲೆ ಓಡುವ ಕೋಡ್ ಹೊರಗೆ ಹೋದಾಗ ನಿಲ್ಲುತ್ತದೆ. ಎಂ0ನಲ್ಲಿ ಈ ಕೌಂಟರ್ ಇಲ್ಲ, ಸಿಸ್‌ಟಿಕ್ ಎಂಬ 24 ಬಿಟ್‌ನ ಇಳಿಕೆಯ ಕೌಂಟರ್‌ನಲ್ಲಿ ನಿಭಾಯಿಸಬೇಕು.

ಸೈಕಲ್ ಕೌಂಟರ್ 32 ಬಿಟ್‌ನದ್ದು. 168 ಮೆಗಾಹರ್ಟ್ಸ್‌ನಲ್ಲಿ 25.6 ಸೆಕೆಂಡಿಗೊಮ್ಮೆ ಸೊನ್ನೆಗೆ ಮರಳುತ್ತದೆ. ಹೆದರಬೇಕಿಲ್ಲ. ಎರಡೂ ಓದುಗಳನ್ನು 32 ಬಿಟ್ ಚಿಹ್ನೆರಹಿತವಾಗಿಯೇ ಇಟ್ಟು, 32 ಬಿಟ್‌ನಲ್ಲಿಯೇ ಕಳೆದರೆ, ನಡುವೆ ಒಮ್ಮೆ ಮರಳಿದ್ದರೂ ಉತ್ತರ ಸರಿ. ಅಳೆಯುವ ಅವಧಿ ಒಂದು ಪೂರ್ಣ ಸುತ್ತಿಗಿಂತ ಚಿಕ್ಕದಿರಬೇಕು, ಅಷ್ಟೇ. ಪ್ರಶ್ನೆ ಕೇಳಿದವರು ತಮ್ಮ ಆ ಅರ್ಧ ಮೌಲ್ಯಗಳನ್ನು 32 ಬಿಟ್‌ನಲ್ಲಿ ಕಳೆದಿದ್ದರೆ ಅವರಿಗೂ 2400 ಬರುತ್ತಿತ್ತು. ತಪ್ಪಾಗುವುದು ಕಳೆಯುವ ಬದಲು ಹೋಲಿಸಿದಾಗ. ‘ಈಗಿನ ಸಮಯ ಗಡುವಿಗಿಂತ ದೊಡ್ಡದೇ’ ಎಂದು ಕೇಳಬಾರದು, ‘ಈಗಿನದರಿಂದ ಆರಂಭವನ್ನು ಕಳೆದರೆ ಅವಧಿಗಿಂತ ಹೆಚ್ಚೇ’ ಎಂದು ಕೇಳಬೇಕು. ನಾನು ಬರೆದ ತಾಪಮಾನ ದಾಖಲಿಸುವ ಸಾಧನವೊಂದು ಮಿಲಿಸೆಕೆಂಡ್ ಎಣಿಕೆಯನ್ನು ಮೊದಲ ರೀತಿಯಲ್ಲಿ ಹೋಲಿಸುತ್ತಿತ್ತು. 32 ಬಿಟ್‌ನ ಮಿಲಿಸೆಕೆಂಡ್ 49.7 ದಿನಕ್ಕೆ ಮರಳುತ್ತದೆ. ಪರೀಕ್ಷೆ ನಡೆಸಿದ್ದು ಒಂದು ತಿಂಗಳು. ಐವತ್ತನೇ ದಿನ ದಾಖಲೆ ನಿಂತಿತು, ಆ ವಾರದ ತಾಪಮಾನಗಳು ಮತ್ತೆ ಸಿಗಲಿಲ್ಲ. ಈಗ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುವುದೇ ಇಲ್ಲ. ಮರಳಲು ಒಂದು ನಿಮಿಷ ಬಾಕಿ ಇರುವ ಮೌಲ್ಯದಿಂದ ಶುರು ಮಾಡುತ್ತೇನೆ, ಈ ಜಾತಿಯ ತಪ್ಪು ಇದ್ದರೆ ಮೊದಲ ನಿಮಿಷದಲ್ಲಿಯೇ ಹೊರಬೀಳುತ್ತದೆ.

64 ಬಿಟ್ ಬೇಕಾದವರು ಮೇಲಿನ ಅರ್ಧ ಓದಿ, ಕೆಳಗಿನದು ಓದಿ, ಮೇಲಿನದನ್ನು ಮತ್ತೊಮ್ಮೆ ಓದಿ. ಮೇಲಿನ ಎರಡು ಓದುಗಳು ಬೇರೆಯಾದರೆ ಇನ್ನೊಮ್ಮೆ ಪ್ರಯತ್ನಿಸಿ. 32 ಬಿಟ್‌ನ ರಿಸ್ಕ್-ಫೈವ್ ಪ್ರೊಸೆಸರ್‌ಗಳಲ್ಲಿ ಸೈಕಲ್ ಕೌಂಟರ್ ಓದುವ ಕ್ರಮವೂ ಇದೇ, ಅಲ್ಲಿ ಎರಡು ಅರ್ಧಗಳಿಗೆ ಎರಡು ಬೇರೆ ಸೂಚನೆಗಳಿವೆ.


ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ವಂದನೆಗಳು. ಇಂಟ್ರಿನ್ಸಿಕ್‌ಗೆ ಬದಲಾಯಿಸಿದೆ. ಒಂದು ಕೋಟಿ ಓಟವನ್ನು ಹತ್ತು ಸಲ ನಡೆಸಿದೆ, ಇಪ್ಪತ್ತು ಅಂಕಿಯ ಸಂಖ್ಯೆ ಒಮ್ಮೆಯೂ ಬರಲಿಲ್ಲ. ಇನ್‌ಲೈನ್ ಮಾಡಿದರೂ ಪ್ರೋಗ್ರಾಂ ಬೀಳುತ್ತಿಲ್ಲ. ಹಳೆಯ ಕೋಡ್‌ನ ಅಸೆಂಬ್ಲಿಯನ್ನು ತೆಗೆದು ನೋಡಿದೆ, ಬಫರ್‌ನ ಕೊನೆಯ ವಿಳಾಸ ಆರ್‌ಡಿಎಕ್ಸ್‌ನಲ್ಲಿಯೇ ಇತ್ತು.

ಬ್ಯಾಟರಿಯಲ್ಲಿ ಕೋರ್‌ನ ವೇಗ ನೋಡಿದೆ: 1.6 ಗಿಗಾಹರ್ಟ್ಸ್. ಯಂತ್ರವನ್ನು ನೋಡದೆಯೇ ಅದನ್ನು ಹೇಳಿದಿರಿ. ಆರ್‌ಡಿಪಿಎಂಸಿಯಿಂದ ಸೈಕಲ್ ಎಣಿಸಿದಾಗ ಚಾರ್ಜರ್‌ನಲ್ಲಿ 4207, ಬ್ಯಾಟರಿಯಲ್ಲಿ 4211. ನನಗೆ ಬೇಕಿದ್ದ ಸಂಖ್ಯೆ ಇದೇ. ಫೆನ್ಸ್ ಹಾಕಿದ ಮೇಲೆ 16 ಬೈಟ್‌ನ ಅಳತೆಯೂ ಖಾಲಿ ಅಳತೆಗಿಂತ ಮೇಲೆ ನಿಂತಿದೆ.

ಒಂದು ಕೊನೆಯ ಸಂದೇಹ. ಟಿಕ್‌ಗಳನ್ನು ನ್ಯಾನೊಸೆಕೆಂಡ್ ಮಾಡಲು ಈಗ ಕೌಂಟರ್‌ನ ಮೌಲ್ಯವನ್ನು ಡಬಲ್‌ಗೆ (ದಶಾಂಶ ಸಂಖ್ಯೆಯ ಬಗೆಗೆ) ಬದಲಾಯಿಸಿ 2.4ರಿಂದ ಭಾಗಿಸುತ್ತಿದ್ದೇನೆ, ಆಮೇಲೆ ಕಳೆಯುತ್ತೇನೆ. ಇದು ಸರಿಯೇ? ವಿಡಿಎಸ್‌ಒ ಮಾಡುವ ಹಾಗೆ ಗುಣಿಸಿ ಸರಿಸುವುದು ಒಳ್ಳೆಯದೇ?


ಮೊದಲ ಉತ್ತರ ಬರೆದವರು

4207, 4211. ಬಹಳ ಸಂತೋಷವಾಯಿತು.

ಕ್ರಮವನ್ನು ತಿರುಗಿಸಿ: ಮೊದಲು ಪೂರ್ಣಾಂಕದಲ್ಲಿ ಕಳೆಯಿರಿ, ಆಮೇಲೆ ಬದಲಾಯಿಸಿ. ಡಬಲ್‌ನಲ್ಲಿ ನಿಖರವಾಗಿ ಹಿಡಿಯುವುದು 53 ಬಿಟ್. 2.4 ಗಿಗಾಹರ್ಟ್ಸ್‌ನಲ್ಲಿ ಕೌಂಟರ್ ಅದನ್ನು ದಾಟಲು 43 ದಿನ ಸಾಕು. ಆಚೆಗೆ ಪ್ರತಿ ಟಿಕ್ ಪ್ರತ್ಯೇಕವಾಗಿ ಉಳಿಯುವುದಿಲ್ಲ. ಲ್ಯಾಪ್‌ಟಾಪ್ ಅಷ್ಟು ದಿನ ಓಡಲಿಕ್ಕಿಲ್ಲ, ಆದರೆ ನಿಮ್ಮ ಸಂಗ್ರಹ ವ್ಯವಸ್ಥೆ ಒಂದು ದಿನ ಸರ್ವರ್‌ಗೆ ಹೋಗುತ್ತದೆ.

ಗುಣಿಸಿ ಸರಿಸುವುದಾದರೆ ಗುಣಕ 1789569707, ಸರಿಸುವುದು 32 ಸ್ಥಾನ. ಗುಣಲಬ್ಧ 64 ಬಿಟ್‌ನಲ್ಲಿ ಇದ್ದರೆ 4.29 ಸೆಕೆಂಡಿಗಿಂತ ದೊಡ್ಡ ಅವಧಿಗೆ ಅದು ತುಂಬಿ ಹರಿಯುತ್ತದೆ, ನಿಮಗೆ ಮತ್ತೆ ಅದೇ ಬಗೆಯ ರಾತ್ರಿಗಳು ಎದುರಾಗುತ್ತವೆ. ನಡುವಿನ ಗುಣಲಬ್ಧಕ್ಕೆ 128 ಬಿಟ್‌ನ ಪೂರ್ಣಾಂಕ ಬಳಸಿ, ಜಿಸಿಸಿಯಲ್ಲಿ ಅದು ಸಿದ್ಧವಾಗಿದೆ ಮತ್ತು ಈ ಪ್ರೊಸೆಸರ್‌ನಲ್ಲಿ ಒಂದೇ ಗುಣಾಕಾರದ ಸೂಚನೆಯಾಗುತ್ತದೆ.

2.4 ಎಂಬ ಸಂಖ್ಯೆಯನ್ನು ಮಾತ್ರ ಕೋಡ್‌ನಲ್ಲಿ ಕೆತ್ತಿಡಬೇಡಿ. ಡಬ್ಬದ ಮೇಲಿನ ವೇಗ ದುಂಡಗೆ ಮಾಡಿದ್ದು, ಕೌಂಟರ್‌ನ ನಿಜವಾದ ಗತಿ ಅದಕ್ಕಿಂತ ಒಂದಿಷ್ಟು ಆಚೀಚೆ ಇರಬಹುದು. ನೀವು ಆರ್‌ಡಿಪಿಎಂಸಿಗಾಗಿ ಮ್ಯಾಪ್ ಮಾಡಿಕೊಂಡ ಆ ಪರ್ಫ್ ಪುಟದಲ್ಲಿಯೇ ಕರ್ನಲ್ ತಾನು ಬಳಸುವ ಗುಣಕವನ್ನೂ ಸರಿಸುವ ಸ್ಥಾನವನ್ನೂ ಬರೆದಿಟ್ಟಿರುತ್ತದೆ, ‘ಟೈಮ್ ಮಲ್ಟ್’ ಮತ್ತು ‘ಟೈಮ್ ಶಿಫ್ಟ್’ ಎಂಬ ಹೆಸರಿನಲ್ಲಿ. ಅಲ್ಲಿಂದ ತೆಗೆದುಕೊಳ್ಳಿ.